ಅಳೆಯದೆ ಕಳಚಿದ ಗಾಳಿಪೆಟ್ಟಿಗೆ

ವಾಹನದ ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಮನೆಯಂಗಳದಲ್ಲೇ ಬದಲಿಸಿಕೊಳ್ಳುವ ರೂಢಿ ಭಾರತದ ಬೈಕು ಸವಾರರಲ್ಲಿ ಹಲವು ದಶಕಗಳಿಂದ ನಡೆದುಬಂದಿದೆ. ಸೀಟಿನ ಕೆಳಗೋ ಪಕ್ಕದ ಮುಚ್ಚಳದ ಹಿಂದೆಯೋ ಕೂರುವ, ಗ್ಯಾರೇಜಿನವರು ಏರ್‌ಬಾಕ್ಸ್ ಎಂದು ಕರೆಯುವ ಗಾಳಿಪೆಟ್ಟಿಗೆಯನ್ನು ಕಳಚಿ, ಅದರ ಜಾಗದಲ್ಲಿ ಶಂಕುವಿನಾಕಾರದ ತೆರೆದ ಫಿಲ್ಟರನ್ನು ಕಾರ್ಬ್ಯುರೇಟರಿನ ಬಾಯಿಗೆ ಕ್ಲಾಂಪಿನಿಂದ ಬಿಗಿಯುವುದು ಇದರ ಅತ್ಯಂತ ಪರಿಚಿತ ರೂಪ. ಪೆಟ್ಟಿಗೆಯ ಮುಚ್ಚಳಕ್ಕೆ ರಂಧ್ರ ಕೊರೆಯುವುದು, ಅದರ ಮೂತಿಯ ರಬ್ಬರ್ ಕೊಳವೆಯನ್ನು ಕಿತ್ತುಹಾಕುವುದು, ಕಾರುಗಳಲ್ಲಿ ಬಾನೆಟ್ಟಿನೊಳಗಿನ ಕೊಳವೆಯನ್ನು ಬಂಪರಿನವರೆಗೆ ಚಾಚಿ ತಂಪು ಗಾಳಿ ತರುವುದು ಇತರ ಬಗೆಗಳು. ಇವೆಲ್ಲದರ ಹಿಂದಿನ ನಂಬಿಕೆ ಒಂದೇ: ಕಂಪನಿಯವರು ಎಂಜಿನ್ನಿನ ಉಸಿರು ಕಟ್ಟಿಸಿದ್ದಾರೆ, ಅದನ್ನು ಬಿಡಿಸಿದರೆ ಪಿಕಪ್ಪೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ. ಇದನ್ನು ಹುಡುಗಾಟಿಕೆಯೆಂದು ತಳ್ಳಿಹಾಕುವುದು ಸುಲಭವಾದರೂ ನ್ಯಾಯವಲ್ಲ, ಏಕೆಂದರೆ ಅದರ ತಿರುಳಿನಲ್ಲಿ ಸತ್ಯಾಂಶವಿದೆ. ಅದು ತಪ್ಪುವುದು ಪ್ರಮಾಣದಲ್ಲಿ, ಎಷ್ಟು ಎಂಬ ಪ್ರಶ್ನೆಯನ್ನು ಕೇಳದಿರುವಲ್ಲಿ. ತನ್ನ ವಾಹನವನ್ನು ಬಿಚ್ಚಿ ನೋಡುವ ಹಕ್ಕು ಮಾಲೀಕನಿಗೆ ಇರಬೇಕೆಂಬುದನ್ನು ಒಪ್ಪಿಕೊಂಡೇ, ಆ ಹಕ್ಕಿನ ಜೊತೆಗೆ ಅಳೆಯುವ ಹೊಣೆಯೂ ಬರುತ್ತದೆ ಮತ್ತು ಆ ಅಳತೆಯ ಬಹುಭಾಗ ಮನೆಯಲ್ಲೇ ಸಾಧ್ಯವಿದೆ ಎಂಬುದು ಈ ಲೇಖನದ ವಾದ.

ಪೆಟ್ರೋಲ್ ಎಂಜಿನ್ನಿನ ಶಕ್ತಿಯ ಮೇಲ್ಮಿತಿಯನ್ನು ನಿರ್ಧರಿಸುವುದು ಪೆಟ್ರೋಲಿಗಿಂತ ಹೆಚ್ಚಾಗಿ ಗಾಳಿ. ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲನ್ನು ಸಣ್ಣ ರಂಧ್ರದ ಮೂಲಕ ಬೇಕಾದಷ್ಟು ಒಳಬಿಡಬಹುದು, ಆದರೆ ಗಾಳಿಯನ್ನು ಪಿಸ್ಟನ್ ಕೆಳಗಿಳಿಯುವಾಗ ಉಂಟಾಗುವ ಎಳೆತದಿಂದಲೇ ತುಂಬಿಸಿಕೊಳ್ಳಬೇಕು. ಭಾರತ್ ಸ್ಟೇಜ್ 6 ಮಾನದಂಡ ಬರುವ ಮುಂಚಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕಿನ 346 ಸಿ.ಸಿ. ಎಂಜಿನ್ ನಿಮಿಷಕ್ಕೆ 5,250 ಸುತ್ತುಗಳಲ್ಲಿ ತನ್ನ ಗರಿಷ್ಠ ಶಕ್ತಿಯನ್ನು ಕೊಡುತ್ತಿತ್ತು. ನಾಲ್ಕು ಹೊಡೆತಗಳ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಗಾಳಿ ಎಳೆಯುವುದರಿಂದ, ಸಿಲಿಂಡರು ಪ್ರತಿಬಾರಿಯೂ ಪೂರ್ತಿ ತುಂಬಿತೆಂದು ಭಾವಿಸಿದರೆ ಅದು ನಿಮಿಷಕ್ಕೆ 900 ಲೀಟರಿನಷ್ಟು ಗಾಳಿಯನ್ನು ಸೇವಿಸುತ್ತದೆ. ವಾಸ್ತವದಲ್ಲಿ ಸಿಲಿಂಡರು ಅಷ್ಟು ತುಂಬುವುದಿಲ್ಲ. ತುಂಬದೆ ಉಳಿಯುವ ಆ ಪಾಲಿನಲ್ಲೇ ಮಾರ್ಪಾಡು ಮಾಡುವವರ ಆಸೆ ನೆಲೆಸಿದೆ. ಗಾಳಿಯ ದಾರಿಯೇ ಶಕ್ತಿಯ ಅಂಕೆ ಎಂಬುದನ್ನು ಮೋಟಾರು ಕ್ರೀಡೆಯ ನಿಯಮಗಳೂ ಒಪ್ಪುತ್ತವೆ: ವಿಶ್ವ ರ್ಯಾಲಿ ಸ್ಪರ್ಧೆಯ ಕಾರುಗಳ ಶಕ್ತಿಗೆ ಮಿತಿ ಹಾಕಲು ಅವುಗಳ ಗಾಳಿಯ ಬಾಯಿಗೆ ನಿಗದಿತ ವ್ಯಾಸದ ಕಿರಿದಾದ ಬಳೆಯನ್ನು ತೊಡಿಸಲಾಗುತ್ತಿತ್ತು ಮತ್ತು 2017ರಲ್ಲಿ ಆ ವ್ಯಾಸವನ್ನು 33 ಮಿಲಿಮೀಟರಿನಿಂದ 36ಕ್ಕೆ ಹಿಗ್ಗಿಸಿದಾಗ ಆ ಕಾರುಗಳ ಶಕ್ತಿ ಸುಮಾರು 380 ಅಶ್ವಶಕ್ತಿಗೆ ಏರಿತು. ಆದರೆ ಅಲ್ಲಿ ಉಸಿರುಗಟ್ಟಿಸಿದ್ದು ಉದ್ದೇಶಪೂರ್ವಕವಾಗಿ, ತೀವ್ರವಾಗಿ. ಮನೆಯ ಮುಂದೆ ನಿಂತ ಬೈಕಿನಲ್ಲಿಯೂ ಅಂಥ ಬಿಗಿ ಇದೆಯೇ ಎಂಬುದನ್ನು ಊಹೆಯಿಂದ ಹೇಳಲಾಗದು.

ಅದನ್ನು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಗಾರೆ ಮೇಸ್ತ್ರಿಗಳು ಮಟ್ಟ ಹಿಡಿಯಲು ಬಳಸುವ ಪಾರದರ್ಶಕ ಕೊಳವೆಯ ಎರಡು ಮೀಟರ್ ಉದ್ದದ ತುಂಡನ್ನು ಎರಡು ತೋಳುಗಳಾಗುವಂತೆ ಬಾಗಿಸಿ ಹಲಗೆಗೆ ಕಟ್ಟಿ, ಅರ್ಧದವರೆಗೆ ಬಣ್ಣದ ನೀರು ತುಂಬಿ, ಒಂದು ತುದಿಯನ್ನು ತೆರೆದಿಟ್ಟು ಇನ್ನೊಂದು ತುದಿಯನ್ನು ಫಿಲ್ಟರಿನ ಒಳಬದಿಗೆ, ಅಂದರೆ ಶೋಧಿಸಿದ ಗಾಳಿ ಇರುವ ಕಡೆಗೆ, ಸೋರದಂತೆ ಜೋಡಿಸಿದರೆ ಸಾಕು. ಎಂಜಿನ್ ಗಾಳಿ ಎಳೆದಾಗ ಒಳಗಿನ ಒತ್ತಡ ಎಷ್ಟು ಕುಸಿಯುತ್ತದೋ ಅದಕ್ಕೆ ತಕ್ಕಂತೆ ನೀರು ಆ ತೋಳಿನಲ್ಲಿ ಮೇಲೇರಿ ಇನ್ನೊಂದರಲ್ಲಿ ಇಳಿಯುತ್ತದೆ. ಒಂದೇ ಸಿಲಿಂಡರಿನ ಬೈಕಿನಲ್ಲಿ ನೀರು ಕುಣಿಯುವುದರಿಂದ ಕೊಳವೆಯನ್ನು ಒಂದೆಡೆ ಹಿಸುಕಿ ಕಿರಿದಾಗಿಸಬೇಕಾಗುತ್ತದೆ. ಪೂರ್ಣ ಥ್ರಾಟಲಿನಲ್ಲಿ, ಹೆಚ್ಚಿನ ವೇಗದ ಸುತ್ತುಗಳಲ್ಲಿ ಅಳೆಯಬೇಕಾಗುವುದರಿಂದ ಈ ಪರೀಕ್ಷೆಯನ್ನು ಸಾರ್ವಜನಿಕ ರಸ್ತೆಯಲ್ಲಿ ಮಾಡದೆ, ಚಕ್ರಗಳು ಉರುಳೆಗಳ ಮೇಲೆ ತಿರುಗುವ ಡೈನಮೋಮೀಟರ್ ಎಂಬ ಶಕ್ತಿಮಾಪಕ ಯಂತ್ರದ ಮೇಲೆ ಮಾಡಬೇಕು, ಇಲ್ಲವೇ ಮುಚ್ಚಿದ ಮೈದಾನದಲ್ಲಿ ಇಬ್ಬರು ಸೇರಿ ಮಾಡಬೇಕು. ಎರಡು ತೋಳುಗಳ ನೀರಿನ ಎತ್ತರದ ವ್ಯತ್ಯಾಸ ಹತ್ತು ಸೆಂಟಿಮೀಟರ್ ಎಂದರೆ ಸುಮಾರು 980 ಪಾಸ್ಕಲ್ ಒತ್ತಡ. ಸಮುದ್ರಮಟ್ಟದ ವಾತಾವರಣದ ಒತ್ತಡ 1,01,325 ಪಾಸ್ಕಲ್. ಹೀಗಾಗಿ ಪ್ರತಿ ಹತ್ತು ಸೆಂಟಿಮೀಟರ್ ನೀರು ವಾತಾವರಣದ ಒತ್ತಡದ ಸರಿಸುಮಾರು ನೂರರಲ್ಲಿ ಒಂದು ಪಾಲಾಗುತ್ತದೆ. ಈ ವ್ಯತ್ಯಾಸ ಹದಿನೈದು ಸೆಂಟಿಮೀಟರ್ ಆದರೆ, ಫಿಲ್ಟರನ್ನೂ ಪೆಟ್ಟಿಗೆಯನ್ನೂ ಕೊಳವೆಯನ್ನೂ ಪೂರ್ತಿ ಇಲ್ಲವಾಗಿಸಿದರೂ ಈ ಅಡ್ಡಿಯ ನಿವಾರಣೆಯಿಂದ ಸಿಗಬಹುದಾದ ಗಾಳಿಯ ಹೆಚ್ಚಳ ಸುಮಾರು ಒಂದೂವರೆ ಪ್ರತಿಶತ. ಇಪ್ಪತ್ತು ಅಶ್ವಶಕ್ತಿಯ ಎಂಜಿನ್ನಿನಲ್ಲಿ ಅದು ಒಂದು ಅಶ್ವಶಕ್ತಿಯ ಮೂರನೆಯ ಒಂದು ಭಾಗಕ್ಕೂ ಕಡಿಮೆ. ವ್ಯತ್ಯಾಸ ಅರ್ಧ ಮೀಟರಿನಷ್ಟಾದರೆ ಮಾತು ಬೇರೆ. ಆಗ ಫಿಲ್ಟರು ಕಟ್ಟಿಕೊಂಡಿರುವ ಸಂಭವವೇ ಹೆಚ್ಚು, ಮತ್ತು ಅದಕ್ಕೆ ಪರಿಹಾರ ಹೊಸ ಫಿಲ್ಟರು.

ಈ ಸಂಖ್ಯೆಯ ಚಿಕ್ಕತನ ಮನದಟ್ಟಾಗಲು ಅದನ್ನು ಕರ್ನಾಟಕದ ಭೂಗೋಳದ ಪಕ್ಕದಲ್ಲಿಟ್ಟು ನೋಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಸುಮಾರು ಹತ್ತು ಪ್ರತಿಶತ ಕಡಿಮೆ. ಮಂಗಳೂರಿನಲ್ಲಿ ಓಡುತ್ತಿದ್ದ ವಾಹನ ಬೆಂಗಳೂರಿಗೆ ಬಂದಾಗ ಕಳೆದುಕೊಳ್ಳುವ ಗಾಳಿಯ ಪಾಲು ಯಾವ ಶಂಕು ಫಿಲ್ಟರೂ ಮರಳಿ ಕೊಡಲಾರದಷ್ಟು ದೊಡ್ಡದು. ಆದರೂ ಆ ನಷ್ಟವನ್ನು ಗಮನಿಸುವ ಸವಾರರು ವಿರಳ. ಹತ್ತು ಪ್ರತಿಶತದ ಇಳಿಕೆ ಗಮನಕ್ಕೆ ಬಾರದಿರುವಾಗ ಒಂದೂವರೆ ಪ್ರತಿಶತದ ಏರಿಕೆ ಸೀಟಿನ ಮೇಲೆ ಕುಳಿತವನಿಗೆ ಅನುಭವಕ್ಕೆ ಬಂತೆಂಬ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ಉಷ್ಣತೆಯ ಲೆಕ್ಕವೂ ಇದೇ ದಿಕ್ಕಿನಲ್ಲಿ ಹೋಗುತ್ತದೆ. ಗಾಳಿ ಬಿಸಿಯಾದಷ್ಟೂ ವಿರಳವಾಗುತ್ತದೆ; 30 ಡಿಗ್ರಿಯ ಹೊರಗಿನ ಗಾಳಿಯ ಬದಲು ಬಾನೆಟ್ಟಿನೊಳಗಿನ 60 ಡಿಗ್ರಿಯ ಗಾಳಿಯನ್ನು ಎಂಜಿನ್ ಎಳೆದುಕೊಂಡರೆ ಅದೇ ಗಾತ್ರದ ಗಾಳಿಯ ತೂಕ ಒಂಬತ್ತು ಪ್ರತಿಶತ ಕುಗ್ಗುತ್ತದೆ. ಕಂಪನಿಯ ಮುಚ್ಚಿದ ಪೆಟ್ಟಿಗೆಯನ್ನು ತೆಗೆದು ಬಾನೆಟ್ಟಿನೊಳಗೇ ತೆರೆದ ಫಿಲ್ಟರನ್ನು ಕೂರಿಸುವವರು ಒಂದು ಪ್ರತಿಶತವನ್ನು ಗಳಿಸಲು ಹೋಗಿ ಅದರ ಹಲವು ಪಟ್ಟನ್ನು ಕಳೆದುಕೊಳ್ಳುವುದು ಹೀಗೆ. ಇನ್ನು ಮುಂದಕ್ಕೆ ಬಾಯಿ ತೆರೆದ ಕೊಳವೆಯೊಳಗೆ ವೇಗದ ಗಾಳಿ ತಾನಾಗಿ ನುಗ್ಗುತ್ತದೆಂಬ ಕಲ್ಪನೆ ಸುಳ್ಳಲ್ಲ, ಆದರೆ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಆ ನೂಕಿನ ಒತ್ತಡ 460 ಪಾಸ್ಕಲ್ ಆಸುಪಾಸು, ಅಂದರೆ ಅರ್ಧ ಪ್ರತಿಶತಕ್ಕೂ ಕಡಿಮೆ.

ಮೈಲೇಜಿನ ಆಸೆಗಂತೂ ಆಧಾರವೇ ತೆಳುವು. ಪೆಟ್ರೋಲ್ ವಾಹನದಲ್ಲಿ ಸವಾರ ವೇಗವನ್ನು ನಿಯಂತ್ರಿಸುವುದೇ ಗಾಳಿಯನ್ನು ತಡೆಯುವ ಮೂಲಕ. ಥ್ರಾಟಲ್ ಎಂಬುದು ಗಾಳಿಯ ದಾರಿಯಲ್ಲಿ ತೆರೆದು ಮುಚ್ಚುವ ಕದ. ಸಮತಟ್ಟಾದ ರಸ್ತೆಯಲ್ಲಿ ಹಗುರವಾಗಿ ಸಾಗುವಾಗ ಆ ಕದದ ಆಚೆಗಿನ ಒತ್ತಡ ವಾತಾವರಣದ ಅರ್ಧದಷ್ಟಕ್ಕೆ ಇಳಿಯುವುದು ಸಾಮಾನ್ಯ. ನೀರಿನ ಎತ್ತರದಲ್ಲಿ ಹೇಳುವುದಾದರೆ ಥ್ರಾಟಲಿನ ತಡೆ ಸುಮಾರು ಐದು ಮೀಟರ್, ಫಿಲ್ಟರಿನದು ಕೆಲವೇ ಸೆಂಟಿಮೀಟರ್. ಸವಾರನೇ ಐದು ಮೀಟರಿನ ತಡೆಯನ್ನು ಒಡ್ಡಿರುವಾಗ ಆ ಕೆಲವು ಸೆಂಟಿಮೀಟರುಗಳನ್ನು ತೆಗೆದುಹಾಕಿದರೆ ಆಗುವುದಿಷ್ಟೇ, ಅದೇ ವೇಗಕ್ಕೆ ಥ್ರಾಟಲನ್ನು ಕೂದಲೆಳೆಯಷ್ಟು ಹೆಚ್ಚು ಮುಚ್ಚಬೇಕಾಗುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಟ್ಟಿಕೊಂಡ ಫಿಲ್ಟರುಗಳಿದ್ದಾಗಲೂ ಇಂಧನ ಸಿಂಪಡಣೆಯ ಆಧುನಿಕ ಕಾರುಗಳ ಮೈಲೇಜಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕುಂದಿದ್ದು ಪೂರ್ಣ ಥ್ರಾಟಲಿನ ವೇಗೋತ್ಕರ್ಷ ಮಾತ್ರ. ಕೊಳೆಯಾದ ಫಿಲ್ಟರೇ ಇಂಧನವನ್ನು ಹೆಚ್ಚು ಕುಡಿಸದಿದ್ದಾಗ ಶುದ್ಧ ಫಿಲ್ಟರನ್ನು ಕಿತ್ತುಹಾಕುವುದರಿಂದ ಇಂಧನ ಉಳಿಯಲು ಕಾರಣವಿಲ್ಲ.

ಗಾಳಿಪೆಟ್ಟಿಗೆಯನ್ನು ಬರಿಯ ಅಡ್ಡಿಯೆಂದು ನೋಡುವುದೂ ಅರ್ಧ ದೃಷ್ಟಿ. ಒಂದೇ ಸಿಲಿಂಡರಿನ ಎಂಜಿನ್ ಗಾಳಿಯನ್ನು ಎಡೆಬಿಡದೆ ಎಳೆಯುವುದಿಲ್ಲ. ನಾಲ್ಕು ಹೊಡೆತಗಳಲ್ಲಿ ಒಂದರಲ್ಲಿ ಮಾತ್ರ ರಭಸದಿಂದ ಸೆಳೆದು ಉಳಿದ ಮೂರರಲ್ಲಿ ಸುಮ್ಮನಿರುತ್ತದೆ. ಸಿಲಿಂಡರಿಗಿಂತ ಹಲವು ಪಟ್ಟು ದೊಡ್ಡದಾದ ಪೆಟ್ಟಿಗೆ ಈ ಬಡಿತಗಳನ್ನು ತನ್ನೊಳಗೆ ಅರಗಿಸಿಕೊಂಡು, ಫಿಲ್ಟರಿನ ಮೂಲಕ ಗಾಳಿ ಒಂದೇ ಸಮನೆ ಹರಿಯುವಂತೆ ಮಾಡುತ್ತದೆ. ಕಾರ್ಬ್ಯುರೇಟರಿನ ಬಾಯಿಗೇ ಸಿಕ್ಕಿಸಿದ ಶಂಕು ಫಿಲ್ಟರು ಪ್ರತಿ ಸೆಳೆತದ ಪೂರ್ಣ ರಭಸವನ್ನು ನೇರವಾಗಿ ಎದುರಿಸಬೇಕಾಗುತ್ತದೆ. ಇದಲ್ಲದೆ ಒಂದು ಕುತ್ತಿಗೆ ಮತ್ತು ಒಂದು ಹೊಟ್ಟೆ ಇರುವ ಯಾವುದೇ ಪಾತ್ರೆಯೊಳಗಿನ ಗಾಳಿ ತನ್ನದೇ ಆದ ಕಂಪನಸಂಖ್ಯೆಯಲ್ಲಿ ಮಿಡಿಯುತ್ತದೆ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿಜ್ಞಾನಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ ವಿವರಿಸಿದ್ದ. ಎಂಜಿನಿಯರುಗಳು ಈ ಗುಣವನ್ನು ಎರಡು ರೀತಿಯಲ್ಲಿ ದುಡಿಸಿಕೊಳ್ಳುತ್ತಾರೆ: ಸೆಳೆತದ ಸದ್ದನ್ನು ಅಡಗಿಸಲು ಮತ್ತು ಆಯ್ದ ಸುತ್ತುಗಳಲ್ಲಿ ಮರಳಿ ಬರುವ ಒತ್ತಡದ ಅಲೆ ಒಳಕವಾಟ ಮುಚ್ಚುವ ಮುನ್ನ ಸಿಲಿಂಡರಿನೊಳಗೆ ತುಸು ಹೆಚ್ಚು ಗಾಳಿಯನ್ನು ತುಂಬುವಂತೆ ಮಾಡಲು. ಪೆಟ್ಟಿಗೆಯ ಮೂತಿಯ ಕೊಳವೆ ಕಿರಿದಾಗಿ ಕಂಡರೂ ಅದರ ಉದ್ದ ಮತ್ತು ವ್ಯಾಸ ಈ ಲೆಕ್ಕದ ಭಾಗವೇ. ಅದನ್ನು ಕಿತ್ತ ಬೈಕು ಮೇಲಿನ ಸುತ್ತುಗಳಲ್ಲಿ ತುಸು ಗಳಿಸಿ, ಊರೊಳಗೆ ನಿತ್ಯ ಬಳಕೆಯಾಗುವ ನಡುವಿನ ಸುತ್ತುಗಳಲ್ಲಿ ಎಳೆತವನ್ನು ಕಳೆದುಕೊಂಡರೆ ಅಚ್ಚರಿಪಡಬೇಕಿಲ್ಲ.

ಪೆಟ್ಟಿಗೆ ತೆಗೆದ ಮೇಲೆ ಇಂಧನದ ಹದ ಕೆಡುವುದು ಇದರ ಮುಂದಿನ ಪರಿಣಾಮ. ಕಾರ್ಬ್ಯುರೇಟರು ತನ್ನ ಕಂಠದಲ್ಲಿ ಉಂಟಾಗುವ ಒತ್ತಡದ ಇಳಿಕೆಯಿಂದ ಪೆಟ್ರೋಲನ್ನು ಮೇಲೆಳೆಯುತ್ತದೆ. ಎದುರಿನ ತಡೆ ತಗ್ಗಿದಾಗ ಆ ಎಳೆತವೂ ತಗ್ಗಿ, ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಸಾಲದೆ ಬರುತ್ತದೆ. ಹೀಗೆ ಬಡಕಲಾದ ಮಿಶ್ರಣ ಭಾರದ ಓಟದಲ್ಲಿ ಎಂಜಿನ್ನನ್ನು ಅತಿಯಾಗಿ ಕಾಯಿಸುತ್ತದೆ. 1985ರಲ್ಲಿ ಭಾರತಕ್ಕೆ ಬಂದು ಇಂದಿಗೂ ಆರಾಧಕರನ್ನು ಉಳಿಸಿಕೊಂಡಿರುವ ಯಮಹಾ ಆರ್‌ಎಕ್ಸ್ 100ರಂಥ ಎರಡು ಹೊಡೆತಗಳ ಬೈಕುಗಳಲ್ಲಿ ಈ ತಪ್ಪಿನ ಬೆಲೆ ಪಿಸ್ಟನ್ ಸೀಜ್ ಆಗುವುದು, ಅಂದರೆ ಉಬ್ಬಿ ಸಿಲಿಂಡರಿನೊಳಗೆ ಕಚ್ಚಿಕೊಳ್ಳುವುದು. ಅನುಭವಿ ಮೆಕ್ಯಾನಿಕ್ಕರು ಪೆಟ್ರೋಲಿನ ಹರಿವನ್ನು ಅಳೆದು ಬಿಡುವ ಹಿತ್ತಾಳೆಯ ರಂಧ್ರವಾದ ಜೆಟ್ಟನ್ನು ದೊಡ್ಡದಕ್ಕೆ ಬದಲಿಸಿ, ಸ್ಪಾರ್ಕ್ ಪ್ಲಗ್ಗಿನ ಬಣ್ಣ ನೋಡಿ ಹದ ತರುತ್ತಾರೆ. ಇದು ನಿಜವಾದ ಕೌಶಲ, ಗೌರವಕ್ಕೆ ಪಾತ್ರವಾದದ್ದು. ಇಂಧನ ಸಿಂಪಡಣೆಯ ವಾಹನಗಳಲ್ಲಿ ಆ ಕೌಶಲಕ್ಕೆ ಎಟುಕದ ಬೇರೆ ತೊಡಕಿದೆ. ಹೊಗೆಕೊಳವೆಯಲ್ಲಿನ ಆಮ್ಲಜನಕ ಸಂವೇದಕವನ್ನು ನೋಡಿಕೊಂಡು ನಿಯಂತ್ರಕ ಗಣಕವು ಹಗುರ ಓಟದಲ್ಲಿ ಮಿಶ್ರಣವನ್ನು ಮತ್ತೆ 14.7ಕ್ಕೇ ತಂದು ನಿಲ್ಲಿಸುತ್ತದೆ. ಪೂರ್ಣ ಥ್ರಾಟಲಿನಲ್ಲಿ ಅದು ಸಾಮಾನ್ಯವಾಗಿ ಸಂವೇದಕವನ್ನು ಬದಿಗಿಟ್ಟು ಕಾರ್ಖಾನೆಯಲ್ಲಿ ಬರೆದ ಕೋಷ್ಟಕವನ್ನೇ ಅನುಸರಿಸುವುದರಿಂದ, ಹೊಸ ಗಾಳಿಗೆ ತಕ್ಕ ಇಂಧನ ಸಿಗುವುದೇ ಅನುಮಾನ. ಅನೇಕ ಕಾರುಗಳಲ್ಲಿ ಒಳಬರುವ ಗಾಳಿಯನ್ನು ಕಾದ ತಂತಿಯೊಂದು ಎಷ್ಟು ತಣಿಯುತ್ತದೆಂಬುದರಿಂದ ತೂಗಲಾಗುತ್ತದೆ. ಕೊಳವೆಯ ವ್ಯಾಸ ಬದಲಾದರೆ ಆ ತೂಕ ತಪ್ಪುತ್ತದೆ, ಎಣ್ಣೆ ಸವರಿದ ಹತ್ತಿಯ ಫಿಲ್ಟರಿನಿಂದ ಎಣ್ಣೆ ಹಾರಿ ತಂತಿಗೆ ಅಂಟಿದರೂ ತಪ್ಪುತ್ತದೆ.

ಇಷ್ಟಾದರೂ ಈ ಎಲ್ಲ ಹಾನಿಗಳಿಗಿಂತ ದೊಡ್ಡದು ಧೂಳು, ಮತ್ತು ಅದರ ಬಗ್ಗೆಯೇ ಅತ್ಯಂತ ಕಡಿಮೆ ಚರ್ಚೆ ನಡೆಯುತ್ತದೆ. ರಸ್ತೆಯ ಧೂಳಿನ ಮುಖ್ಯ ಭಾಗವಾದ ಬೆಣಚುಕಲ್ಲಿನ ಪುಡಿ ಖನಿಜಗಳ ಗಡಸುತನದ ಮಾಪಕದಲ್ಲಿ ಏಳನೆಯ ಸ್ಥಾನದಲ್ಲಿದ್ದು, ಅದರ ಹರಳುಗಳು ಸಾಮಾನ್ಯ ಉಕ್ಕನ್ನು ಗೀರಬಲ್ಲವು. ಕಣ್ಣಿಗೆ ಕಾಣುವ ದೊಡ್ಡ ಕಣಗಳನ್ನು ಯಾವ ಫಿಲ್ಟರಾದರೂ ತಡೆಯುತ್ತದೆ. ನಿಜವಾದ ಸವೆತವನ್ನು ತರುವುದು ತಲೆಗೂದಲಿನ ದಪ್ಪಕ್ಕಿಂತ ಎಷ್ಟೋ ಪಟ್ಟು ಸಣ್ಣದಾದ, ಐದರಿಂದ ಇಪ್ಪತ್ತು ಮೈಕ್ರಾನ್ ಗಾತ್ರದ ಕಣಗಳು, ಏಕೆಂದರೆ ಅವು ಪಿಸ್ಟನ್ ಉಂಗುರಕ್ಕೂ ಸಿಲಿಂಡರ್ ಗೋಡೆಗೂ ನಡುವಿನ ಎಣ್ಣೆಯ ಪದರದೊಳಗೆ ಸೇರಿ ಎರಡನ್ನೂ ಏಕಕಾಲಕ್ಕೆ ತೇಯುತ್ತವೆ. ಎಂಜಿನ್ನಿಗೆ ಫಿಲ್ಟರು ಬೇಕೆಂಬ ಅರಿವು ಬಂದದ್ದೂ ಹೊಲದ ಧೂಳಿನಿಂದಲೇ: 1915ರಲ್ಲಿ ಅಮೆರಿಕದ ಫ್ರ್ಯಾಂಕ್ ಡೊನಾಲ್ಡ್‌ಸನ್ ಟ್ರ್ಯಾಕ್ಟರಿನ ಎಂಜಿನ್ ಧೂಳಿನಿಂದ ಹಾಳಾಗುವುದನ್ನು ಕಂಡು ಸರಳವಾದ ಶೋಧಕವೊಂದನ್ನು ರೂಪಿಸಿದ. ಬಳ್ಳಾರಿ, ಸಂಡೂರು, ಹೊಸಪೇಟೆಗಳ ಕೆಂಪು ಅದಿರಿನ ಧೂಳಿನಲ್ಲಾಗಲಿ ಉತ್ತರ ಕರ್ನಾಟಕದ ಎರೆಹೊಲಗಳ ಬೇಸಗೆಯ ಧೂಳಿನಲ್ಲಾಗಲಿ ಟ್ರ್ಯಾಕ್ಟರ್ ಓಡಿಸುವ ರೈತನಿಗೆ ಗಾಳಿಯ ಶೋಧಕ ಎಂಥ ಆಸ್ತಿಯೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಧೂಳನ್ನು ಎಣ್ಣೆಯಲ್ಲಿ ಹಿಡಿದಿಡುವ ಆಯಿಲ್ ಬಾತ್ ಫಿಲ್ಟರಿನ ತಳದಲ್ಲಿ ಕೆಸರಿನಂತೆ ಕೂತ ಮಣ್ಣನ್ನು ಆತ ತನ್ನ ಕೈಯಿಂದಲೇ ತೆಗೆದಿರುತ್ತಾನೆ.

ಈ ವಿಷಯದಲ್ಲಿ ಪ್ರತಿಶತದ ಲೆಕ್ಕವನ್ನು ತಿರುಗಿಸಿ ಓದಬೇಕಾಗುತ್ತದೆ. ಒಂದು ಫಿಲ್ಟರು ಧೂಳಿನ 99.5 ಪ್ರತಿಶತವನ್ನೂ ಇನ್ನೊಂದು 97 ಪ್ರತಿಶತವನ್ನೂ ತಡೆಯುತ್ತದೆಂದು ಭಾವಿಸಿದರೆ, ಎರಡರ ಅಂತರ ಎರಡೂವರೆಯಷ್ಟೇ ಎಂದು ತೋರುತ್ತದೆ. ಆದರೆ ಎಂಜಿನ್ನಿಗೆ ಲೆಕ್ಕಕ್ಕೆ ಬರುವುದು ತಡೆದ ಧೂಳಲ್ಲ, ಒಳನುಗ್ಗಿದ ಧೂಳು, ಮತ್ತು ಅದು ಎರಡನೆಯ ಫಿಲ್ಟರಿನಲ್ಲಿ ಆರು ಪಟ್ಟು. ಫಿಲ್ಟರುಗಳನ್ನು ಪರೀಕ್ಷಿಸಲು ಐಎಸ್‌ಒ 5011 ಎಂಬ ಅಂತಾರಾಷ್ಟ್ರೀಯ ಮಾನದಂಡವಿದೆ. ಅದರ ಪ್ರಕಾರ ಅಳೆದ ಅಂಕಿಗಳನ್ನು ಡಬ್ಬಿಯ ಮೇಲೆ ಮುದ್ರಿಸದ ಫಿಲ್ಟರನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಕೊಳ್ಳುವವನು ಏನನ್ನು ಕೊಳ್ಳುತ್ತಿದ್ದಾನೆಂಬುದು ಅವನಿಗೇ ತಿಳಿದಿರುವುದಿಲ್ಲ. ಕಾಗದದ ಫಿಲ್ಟರಿಗೆ ಮತ್ತೊಂದು ಗುಣವಿದೆ: ಅದರ ಮೇಲೆ ಕೂತ ಧೂಳಿನ ತೆಳುಪದರವೂ ಶೋಧಕವಾಗಿ ಕೆಲಸ ಮಾಡುವುದರಿಂದ ಸ್ವಲ್ಪ ಬಳಸಿದ ಫಿಲ್ಟರು ಹೊಸದಕ್ಕಿಂತ ಚೆನ್ನಾಗಿ ಶೋಧಿಸುತ್ತದೆ, ಆದ್ದರಿಂದ ಪ್ರತಿ ಸರ್ವೀಸಿನಲ್ಲೂ ಕಂಪ್ರೆಸರಿನ ಗಾಳಿ ಹೊಡೆದು ಅದನ್ನು ಝಾಡಿಸುವ ರೂಢಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಧೂಳಿನ ಹಾನಿಯ ನೈತಿಕ ಮುಖವೂ ಇಲ್ಲಿದೆ. ತೆರೆದ ಫಿಲ್ಟರಿನ ಸಂತೋಷ ಹಾಕಿದ ದಿನವೇ ಸಿಗುತ್ತದೆ. ಎಂಜಿನ್ ಎಣ್ಣೆ ಸುಟ್ಟು ನೀಲಿ ಹೊಗೆ ಕಾರತೊಡಗುವುದು, ಕೊನೆಗೆ ಬೋರಿಗೆ ಬರುವುದು ಸಾವಿರಾರು ಕಿಲೋಮೀಟರುಗಳ ನಂತರ, ಅಷ್ಟರಲ್ಲಿ ಬೈಕು ಎರಡನೆಯ ಮಾಲೀಕನ ಕೈಯಲ್ಲಿರುವ ಸಾಧ್ಯತೆಯೇ ಹೆಚ್ಚು. ಏನೂ ಅರಿಯದ ಆ ಕೊಳ್ಳುವವನ ಹಣದಲ್ಲಿ ಮೊದಲ ಮಾಲೀಕನ ಪ್ರಯೋಗ ನಡೆದಂತಾಗುತ್ತದೆ.

ಧೂಳಿನ ಜೊತೆಗೆ ನೀರಿನ ಅಪಾಯವೂ ಇದೆ. ಅದು ಮುಖ್ಯವಾಗಿ ಕಾರುಗಳಿಗೆ ಸಂಬಂಧಿಸಿದ್ದು, ಮತ್ತು ಕ್ಷಣಮಾತ್ರದಲ್ಲಿ ಎರಗುವಂಥದ್ದು. 1,200 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ, ಹತ್ತಕ್ಕೆ ಒಂದರ ಸಂಕೋಚನ ಪ್ರಮಾಣವಿದ್ದರೆ, ಪಿಸ್ಟನ್ ಪೂರ್ತಿ ಮೇಲೇರಿದಾಗ ಉಳಿಯುವ ಜಾಗ ಒಂದು ಸಿಲಿಂಡರಿಗೆ ಸುಮಾರು 33 ಮಿಲಿಲೀಟರ್. ಅದಕ್ಕಿಂತ ಹೆಚ್ಚು ನೀರು ಒಳಹೊಕ್ಕರೆ, ನೀರು ಗಾಳಿಯಂತೆ ಕುಗ್ಗದ ಕಾರಣ, ಕನೆಕ್ಟಿಂಗ್ ರಾಡು ಬಾಗುತ್ತದೆ. ತಂಪು ಗಾಳಿಗಾಗಿ ಬಂಪರಿನ ಕೆಳಗೆ ಬಾಯಿ ತೆರೆದಿಟ್ಟ ಕಾರು, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆ ಕಂಡಂಥ ಪ್ರವಾಹದಲ್ಲಿ ಎಂಜಿನ್ನನ್ನೇ ತೆರಬೇಕಾಗಬಹುದು.

ಹೀಗಿದ್ದೂ ಈ ಮಾರ್ಪಾಡು ಜನಪ್ರಿಯವಾಗಿರುವುದಕ್ಕೆ ಕಾರಣ ಸದ್ದು. ಪೆಟ್ಟಿಗೆ ಅಡಗಿಸಿದ್ದ ಸೆಳೆತದ ಗರ್ಜನೆ ಬಿಡುಗಡೆಯಾದಾಗ ಸವಾರನ ಕಿವಿ ಅದನ್ನು ಶಕ್ತಿಯೆಂದು ಓದುತ್ತದೆ. ಕೆಲವು ಕ್ರೀಡಾ ಕಾರುಗಳ ತಯಾರಕರು ಸೆಳೆತದ ಸದ್ದನ್ನು ಬೇಕೆಂದೇ ಕೊಳವೆಯೊಂದರ ಮೂಲಕ ಕಾರಿನೊಳಕ್ಕೆ ಹಾಯಿಸುವುದೂ ಈ ಮನೋಧರ್ಮವನ್ನು ಅರಿತೇ. ಸದ್ದನ್ನು ಪ್ರೀತಿಸುವುದು ದೋಷವಲ್ಲ, ಆದರೆ ಅದು ಸವಾರನಲ್ಲಿಗೇ ನಿಲ್ಲುವುದಿಲ್ಲ. ಭಾರತದಲ್ಲಿ 175 ಸಿ.ಸಿ.ಗಿಂತ ದೊಡ್ಡ ಮೋಟಾರ್‌ಸೈಕಲ್ಲುಗಳಿಗೆ ತಯಾರಿಕೆಯ ಹಂತದಲ್ಲಿ 80 ಡೆಸಿಬೆಲ್ ಮಿತಿಯಿದ್ದು, ಅದನ್ನು ಸಾಧಿಸುವುದರಲ್ಲಿ ಸೈಲೆನ್ಸರಿನಷ್ಟೇ ಅಲ್ಲದೆ ಗಾಳಿಪೆಟ್ಟಿಗೆಯ ಪಾಲೂ ಇದೆ. ಕ್ರ್ಯಾಂಕ್ ಕೋಣೆಯಿಂದ ಏಳುವ ಎಣ್ಣೆ ಆವಿಯನ್ನು ಮರಳಿ ಎಂಜಿನ್ನಿಗೆ ಕಳುಹಿಸಿ ಸುಡಿಸುವ ಕೊಳವೆ ಬಂದು ಸೇರುವುದೂ ಸಾಮಾನ್ಯವಾಗಿ ಅದೇ ಪೆಟ್ಟಿಗೆಗೆ. ಪೆಟ್ಟಿಗೆ ಹೋದ ಮೇಲೆ ಆ ಕೊಳವೆ ಅನಾಥವಾಗಿ ತೂಗಾಡುತ್ತ ಆವಿಯನ್ನು ಬೀದಿಗೆ ಬಿಡುತ್ತದೆ. ಹಿಂದೆ ಬರುವವರು, ಪಕ್ಕದ ಮನೆಯ ಮಗು, ರಸ್ತೆಬದಿಯ ವ್ಯಾಪಾರಿ ಈ ಪ್ರಯೋಗಕ್ಕೆ ಒಪ್ಪಿಗೆ ಕೊಟ್ಟವರಲ್ಲ, ಮತ್ತು ಅಳತೆಯ ಹೊಣೆ ಮಾರ್ಪಾಡು ಮಾಡಿದವನ ಮೇಲೆಯೇ ಬೀಳಬೇಕೆನ್ನಲು ಇದಕ್ಕಿಂತ ಗಟ್ಟಿಯಾದ ಕಾರಣ ಬೇಕಿಲ್ಲ.

ಕಾನೂನು ಈ ಹೊಣೆಯನ್ನು ಒರಟಾಗಿ ಹೊರಿಸುತ್ತದೆ. 1988ರ ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲದಲ್ಲಿ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ತಿದ್ದುಪಡಿಯಿಂದ ಹೊಸ ರೂಪ ಪಡೆದ 182ಎ ಕಲಮು ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದಾಗಿದೆ ಎನ್ನುತ್ತದೆ. ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದ ಚಾಲನೆಗೆ ಪ್ರತ್ಯೇಕ ದಂಡವಿದೆ. ಆದರೆ ಹಾನಿಯನ್ನು ಪತ್ತೆ ಮಾಡಬೇಕಾದ ಹೊಗೆ ತಪಾಸಣೆಯಲ್ಲಿ ಪೆಟ್ರೋಲ್ ಬೈಕನ್ನು ನಿಂತಲ್ಲೇ, ನಿಧಾನ ಓಟದಲ್ಲಿ ಪರೀಕ್ಷಿಸಲಾಗುತ್ತದೆ. ಗಾಳಿಯ ಮಾರ್ಪಾಡಿನಿಂದ ಮಿಶ್ರಣ ಕೆಡುವುದು ನಡುಭಾರದಲ್ಲಿ ಮತ್ತು ಪೂರ್ಣ ಥ್ರಾಟಲಿನಲ್ಲಿ. ಹೀಗಾಗಿ ಕೆಟ್ಟ ಮಾರ್ಪಾಡು ತಪಾಸಣಾ ಪತ್ರವನ್ನು ಸಲೀಸಾಗಿ ಪಡೆಯುತ್ತದೆ, ಎಚ್ಚರದಿಂದ ಅಳೆದು ಮಾಡಿದ ಒಳ್ಳೆಯ ಮಾರ್ಪಾಡಿಗೆ ತನ್ನ ನಿರ್ದೋಷಿತನವನ್ನು ತೋರಿಸಲು ಯಾವ ದಾರಿಯೂ ಇರುವುದಿಲ್ಲ. ಕಂಡದ್ದನ್ನೆಲ್ಲ ನಿಷೇಧಿಸಿ ಅಳೆಯಬೇಕಾದುದನ್ನು ಅಳೆಯದ ವ್ಯವಸ್ಥೆ ಮೆಕ್ಯಾನಿಕ್ಕಿನ ಕೌಶಲವನ್ನೂ ಬೆಳೆಸದು, ಗಾಳಿಯನ್ನೂ ಕಾಪಾಡದು.

ಮನೆಯಲ್ಲಿ ಮಾಡಲು ಯೋಗ್ಯವಾದ ಕೆಲಸಗಳು ಇಲ್ಲದಿಲ್ಲ. ಪೆಟ್ಟಿಗೆಯ ಕೀಲುಗಳಲ್ಲಿ, ಬಿರುಕುಬಿಟ್ಟ ರಬ್ಬರ್ ಕೊಳವೆಯಲ್ಲಿ ಶೋಧಿಸದ ಗಾಳಿ ನುಸುಳುವುದನ್ನು ಹುಡುಕಿ ಮುಚ್ಚುವುದು, ಮೂತಿಗೆ ಬಿಸಿ ಗಾಳಿ ತಾಗದಂತೆ ತಡಿಕೆ ಕಟ್ಟುವುದು, ಕಾರಿನ ರೋಗನಿದಾನದ ಕಿಂಡಿಗೆ ಅಗ್ಗದ ಸ್ಕ್ಯಾನರ್ ಸಿಕ್ಕಿಸಿ ಒಳಬರುವ ಗಾಳಿಯ ಉಷ್ಣತೆಯನ್ನೂ ನಿಯಂತ್ರಕ ಮಾಡುತ್ತಿರುವ ಇಂಧನ ತಿದ್ದುಪಡಿಯನ್ನೂ ಕೆಲಸಕ್ಕೆ ಮುನ್ನ ಮತ್ತು ನಂತರ ಬರೆದಿಟ್ಟುಕೊಳ್ಳುವುದು, ನೀರಿನ ಕೊಳವೆಯ ಅಳತೆ ಸಮರ್ಥಿಸಿದರೆ ಮಾತ್ರ ಅದೇ ಪೆಟ್ಟಿಗೆಯೊಳಗೆ ಕೂರುವ ಪ್ರಮಾಣಿತ ಫಿಲ್ಟರಿಗೆ ಬದಲಿಸುವುದು, ಇವು ಲಾಭ ಸಣ್ಣದಾದರೂ ಯಾರಿಗೂ ಹೊರೆಯಾಗದ ಮಾರ್ಪಾಡುಗಳು. ಇದಕ್ಕಿಂತ ಮುಂದೆ ಹೋಗಬಯಸುವವರಿಗೆ ಸಾರ್ವಜನಿಕ ಸೌಲಭ್ಯ ಬೇಕು. ಕರ್ನಾಟಕದ ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಅಂತರ್ದಹನ ಎಂಜಿನ್ ಪ್ರಯೋಗಾಲಯಗಳಲ್ಲಿ ಹೊಗೆಯ ಘಟಕಗಳನ್ನು ಬಿಡಿಸಿ ತೋರಿಸುವ ಅನಿಲ ವಿಶ್ಲೇಷಕಗಳಿವೆ. ಅವುಗಳ ಜೊತೆಗೆ ಜಿಲ್ಲೆಗೊಂದಾದರೂ ಚಕ್ರದ ಉರುಳೆಯ ಡೈನಮೋಮೀಟರನ್ನು ಒದಗಿಸಿ, ನಿಗದಿತ ಶುಲ್ಕಕ್ಕೆ ಯಾವ ಮಾಲೀಕನಾದರೂ ತನ್ನ ವಾಹನವನ್ನು ಭಾರದ ಓಟದಲ್ಲಿ ಪರೀಕ್ಷಿಸಿಕೊಳ್ಳುವಂತೆ ಮಾಡಿ, ಶಕ್ತಿ, ಶಬ್ದ, ಹೊಗೆ ಮೂರರ ಅಂಕಿಗಳನ್ನೂ ಮಾನದಂಡದೊಳಗೆ ಉಳಿಸಿಕೊಂಡ ಮಾರ್ಪಾಡನ್ನು ಸಾರಿಗೆ ಕಚೇರಿ ನೋಂದಣಿ ಪತ್ರದಲ್ಲಿ ದಾಖಲಿಸುವಂತೆ ನಿಯಮ ತಿದ್ದಬೇಕು. ಆ ದಾಖಲೆ ಬೈಕಿನ ಜೊತೆಗೇ ಸಾಗಿ, ಅದನ್ನು ಹಳೆಯ ವಾಹನಗಳ ಅಂಗಡಿಯಲ್ಲಿ ಕೊಳ್ಳುವವನ ಕೈಗೂ ಸಿಗಬೇಕು.